ಮೊಡವೆ: ತಿಕ್ಕಿ ತೊಳೆದರೆ ಹೋಗದು

ಮಗನಿಗೋ ಮಗಳಿಗೋ ಹದಿಮೂರು ತುಂಬಿ ಮುಖದ ಮೇಲೆ ನಾಲ್ಕು ಮೊಡವೆ ಎದ್ದವೆಂದರೆ ಮನೆಯ ಹಿರಿಯರ ಮೊದಲ ಮಾತು, ‘ಚೆನ್ನಾಗಿ ಸೋಪು ಹಾಕಿ ತಿಕ್ಕಿ ತೊಳಿ’ ಎಂಬುದು. ಮೊಡವೆ ಕೊಳೆಯಿಂದ ಬರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಮೊಡವೆಯ ಮೂಲ ಚರ್ಮದ ಮೇಲಿಲ್ಲ, ಒಳಗಿದೆ.

ಹದಿಹರೆಯದ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ತೈಲಗ್ರಂಥಿಗಳು ಹೆಚ್ಚು ಜಿಡ್ಡು ಸ್ರವಿಸುತ್ತವೆ. ಉದುರಿ ಹೋಗಬೇಕಾದ ಸತ್ತ ಜೀವಕೋಶಗಳು ಆ ಜಿಡ್ಡಿನೊಡನೆ ಸೇರಿ, ಕೂದಲ ಬುಡದ ಸಣ್ಣ ರಂಧ್ರವನ್ನು ಬಿರಟೆ ಹಾಕಿದಂತೆ ಮುಚ್ಚುತ್ತವೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾದರೆ ಕೆಂಪು ಗುಳ್ಳೆ, ಕೀವು. ಮೂಗಿನ ಮೇಲಿನ ಕರಿ ಚುಕ್ಕೆ ಕೂಡ ಕೊಳೆಯಲ್ಲ, ಗಾಳಿಗೆ ತೆರೆದು ಕಪ್ಪಾದ ಬಿರಟೆಯ ತುದಿ. ಒರಟಾಗಿ ತಿಕ್ಕಿದರೆ ಉರಿಯೂತ ಹೆಚ್ಚುತ್ತದೆ. ನಮ್ಮ ಮೈಬಣ್ಣದವರಲ್ಲಿ ಅಂಥ ಗುಳ್ಳೆ ಕಪ್ಪು ಕಲೆ ಬಿಟ್ಟು ಹೋಗುವುದೇ ಹೆಚ್ಚು. ಅದು ಮಾಸಲು ತಿಂಗಳುಗಳೇ ಬೇಕು.

ಬಡವನಹಳ್ಳಿಯಂಥ ಊರಿನಲ್ಲಿ ಇದರೊಂದಿಗೆ ನೀರಿನ ಸಮಸ್ಯೆಯೂ ಸೇರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲುಸೀಮೆಯಲ್ಲಿ ಬಹಳಷ್ಟು ಮನೆಗಳು ನಂಬಿರುವುದು ಕೊಳವೆಬಾವಿಯ ಗಡಸು ನೀರನ್ನು. (ಪಾವಗಡ ಎಂದೊಡನೆ ನೆನಪಾಗುವ ಫ್ಲೋರೈಡು ಹಲ್ಲು, ಮೂಳೆಗಳ ಪ್ರಶ್ನೆ, ಇಲ್ಲಿ ಹೇಳುತ್ತಿರುವುದು ಗಡಸುತನದ ಮಾತು.) ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿದರೆ ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಹತ್ತುವಂಥ ಬಿಳಿಯ ಗಸಿಯಾಗಿ ಮುಖದ ಮೇಲೂ ಉಳಿಯುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಸೋಪು, ಇನ್ನಷ್ಟು ತಿಕ್ಕಾಟ. ಮುಖ ಬಿಗಿದು ಸಿಪ್ಪೆ ಏಳುತ್ತದೆ, ಮೊಡವೆ ಇದ್ದಲ್ಲೇ ಇರುತ್ತದೆ.

ಫೇಸ್‌ವಾಷ್‌ಗಳಲ್ಲಿ ಬಹುಪಾಲು ಸೋಪಲ್ಲದ ಮಾರ್ಜಕಗಳು. ಗಡಸು ನೀರಿನಲ್ಲೂ ನೊರೆ ಕೊಡುತ್ತವೆ, ಗಸಿ ಬಿಡುವುದಿಲ್ಲ. ಹಾಗಾಗಿ ಮುಖ ತೊಳೆಯಲು ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತರುವ ಅಗತ್ಯವಿಲ್ಲ. ಆದರೆ ಎಲ್ಲ ಫೇಸ್‌ವಾಷ್‌ಗಳೂ ಮೊಡವೆಗೆ ಮದ್ದಲ್ಲ. ಬೇವು, ಅರಿಶಿನದ ಚಿತ್ರ ನೋಡಿ ಕೊಳ್ಳುವ ಬದಲು ಟ್ಯೂಬನ್ನು ತಿರುಗಿಸಿ ಹಿಂಬದಿ ಓದಿ.

ಅಲ್ಲಿ ಹುಡುಕಬೇಕಾದ ಹೆಸರು ಮುಖ್ಯವಾಗಿ ಎರಡು. ಸ್ಯಾಲಿಸಿಲಿಕ್ ಆಮ್ಲ, ಸಾಮಾನ್ಯವಾಗಿ ಶೇ 1ರಿಂದ 2. ಇದು ಜಿಡ್ಡಿನಲ್ಲಿ ಕರಗುವುದರಿಂದ ರಂಧ್ರದೊಳಗಿಳಿದು ಬಿರಟೆಯನ್ನು ಸಡಿಲಿಸುತ್ತದೆ. ಕರಿ ಚುಕ್ಕೆ, ಬಿಳಿ ಚುಕ್ಕೆ ಹೆಚ್ಚಿದ್ದವರಿಗೆ ಒಳ್ಳೆಯದು. ಇನ್ನೊಂದು ಬೆಂಜಾಯಿಲ್ ಪೆರಾಕ್ಸೈಡ್. ಕೆಂಪು ಗುಳ್ಳೆ, ಕೀವು ಇದ್ದವರಿಗೆ. ಆಮ್ಲಜನಕ ಬಿಡುಗಡೆ ಮಾಡಿ ಬ್ಯಾಕ್ಟೀರಿಯಾ ಕೊಲ್ಲುವ ಇದಕ್ಕೆ ಆ್ಯಂಟಿಬಯಾಟಿಕ್‌ಗಳಂತೆ ಬ್ಯಾಕ್ಟೀರಿಯಾ ಒಗ್ಗಿಹೋಗುವುದಿಲ್ಲ. ಪ್ರಮಾಣ ಹೆಚ್ಚಾದಷ್ಟೂ ಗುಣ ಹೆಚ್ಚೆಂದಲ್ಲ; ಕಡಿಮೆ ಪ್ರಮಾಣದಿಂದ ಆರಂಭಿಸಿದರೆ ಉರಿಯೂ ಕಡಿಮೆ. ಇದು ಬಟ್ಟೆಯ ಬಣ್ಣ ತೆಗೆಯುತ್ತದೆ, ಒರೆಸಲು ಹಳೆಯ ಬಿಳಿ ಟವೆಲ್ ಇರಲಿ. ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ಗರ್ಭಿಣಿಯರು ಯಾವುದಕ್ಕೂ ಮೊದಲು ವೈದ್ಯರನ್ನು ಕೇಳಲಿ.

ಬಳಸುವ ಕ್ರಮ ಸರಳ. ಮೊದಲ ವಾರ ದಿನಕ್ಕೊಮ್ಮೆ, ರಾತ್ರಿ. ಮುಖ ಒದ್ದೆ ಮಾಡಿ, ಕಡಲೆಕಾಳಿನಷ್ಟು ಫೇಸ್‌ವಾಷನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿ. ಹಚ್ಚಿದ ಕೂಡಲೇ ತೊಳೆದರೆ ಔಷಧಿಗೆ ಕೆಲಸ ಮಾಡಲು ವ್ಯವಧಾನವೇ ಸಿಗದು. ಒಂದೆರಡು ನಿಮಿಷ ಬಿಡಿ, ಕಣ್ಣು ತುಟಿಗಳಿಗೆ ತಾಗದಿರಲಿ. ಆಮೇಲೆ ಧಾರಾಳವಾಗಿ ನೀರು ಹಾಕಿ ತೊಳೆದು ಒತ್ತಿ ಒರೆಸಿ, ಜಿಡ್ಡಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಒಗ್ಗಿದರೆ ದಿನಕ್ಕೆರಡು ಸಲ. ಅದಕ್ಕಿಂತ ಹೆಚ್ಚು ಬೇಡ.

ನಾಲ್ಕು ದಿನಕ್ಕೇ ಗುಣವಿಲ್ಲವೆಂದು ಕಂಪನಿ ಬದಲಿಸುವವರೇ ಹೆಚ್ಚು. ಎಂಟು ವಾರವಾದರೂ ಕಾಯಬೇಕು. ನೋವಿನ ಗಂಟುಗಳಿದ್ದರೆ, ಗುಳಿ ಬೀಳುತ್ತಿದ್ದರೆ, ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಿ ಗಲ್ಲದ ಮೇಲೆ ಕೂದಲು ಬರುತ್ತಿದ್ದರೆ ಮಾತ್ರ ಕಾಯದೆ ವೈದ್ಯರಲ್ಲಿಗೆ ಹೋಗಿ.

ಇನ್ನೊಂದು ಮಾತು. ಬೆಂಜಾಯಿಲ್ ಪೆರಾಕ್ಸೈಡ್ ಶಾಖಕ್ಕೆ ಒಡೆದು ಬೆಂಜೀನ್ ಆಗಬಲ್ಲದೆಂದು 2024ರಲ್ಲಿ ಅಮೆರಿಕದಲ್ಲಿ ಗದ್ದಲವೆದ್ದಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 95 ಉತ್ಪನ್ನಗಳನ್ನು ಪರೀಕ್ಷಿಸಿ, ಶೇ 90ಕ್ಕೂ ಹೆಚ್ಚಿನವುಗಳಲ್ಲಿ ಬೆಂಜೀನ್ ಇಲ್ಲವೇ ಇಲ್ಲ ಅಥವಾ ಅತ್ಯಲ್ಪ ಎಂದು 2025ರಲ್ಲಿ ತಿಳಿಸಿತು. ಹೆದರಬೇಕಿಲ್ಲ, ಆದರೆ ನಮ್ಮ ಬೇಸಿಗೆಯಲ್ಲಿ ಶೀಟಿನ ಮನೆಯ ಕಿಟಕಿಯ ಮೇಲೆ ಟ್ಯೂಬ್ ಇಡಬೇಡಿ. ಅವಧಿ ಮುಗಿದಿದ್ದನ್ನು ಎಸೆಯಿರಿ.

ನಿಂಬೆರಸ, ಟೂತ್‌ಪೇಸ್ಟ್ ಮುಖ ಸುಡುತ್ತವೆ, ಅಷ್ಟೇ. ನಿಜವಾಗಿ ಭಯಪಡಬೇಕಾದದ್ದು ‘ಬೆಳ್ಳಗಾಗುವ, ಮೊಡವೆ ಹೋಗುವ ಕ್ರೀಮು’ ಎಂದು ಚೀಟಿಯಿಲ್ಲದೆ ಕೈಗೆ ಬರುವ ಸ್ಟೆರಾಯ್ಡ್‌ಗೆ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ನೆನಪಿಡಿ. ಹಚ್ಚಿದ ವಾರದಲ್ಲಿ ಮುಖ ತಿಳಿಯಾಗುತ್ತದೆ, ಮದುವೆ ಗೊತ್ತಾದ ಮನೆಯಲ್ಲಿ ಎಲ್ಲರಿಗೂ ಸಂತೋಷ. ತಿಂಗಳುಗಳಲ್ಲಿ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮುಖದಲ್ಲಿ ರೋಮ ಬೆಳೆಯುತ್ತದೆ, ಬಿಟ್ಟರೆ ಮೊದಲಿಗಿಂತ ಹೆಚ್ಚು ಮೊಡವೆ. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿಗೊಳಿಸಿದೆ. ಈಗಾಗಲೇ ಹಚ್ಚುತ್ತಿರುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸದೆ, ಆ ಟ್ಯೂಬನ್ನು ಜೊತೆಗೊಯ್ದು ಮಧುಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲಿ, ಇಲ್ಲವೇ ತುಮಕೂರಿಗೆ ಹೋಗಿ ಚರ್ಮರೋಗ ತಜ್ಞರಿಗೆ ತೋರಿಸಲಿ.