ಹಿತ್ತಾಳೆಗೆ ಬೆಸುಗೆಯುಂಟು, ತುಟಿಗಿಲ್ಲ

ಪಗನೀನಿ ಪಿಟೀಲಿಗಾಗಿ ಬರೆದ 'ಮೋಟೊ ಪರ್ಪೆಚುವೊ' ಎಂಬ ಕೃತಿಯಲ್ಲಿ ಸ್ವರಗಳು ಒಂದರ ಬೆನ್ನಿಗೆ ಒಂದು ಓಡುತ್ತಲೇ ಇರುತ್ತವೆ, ಎಲ್ಲೂ ನಿಲ್ಲುವುದಿಲ್ಲ. ಪಿಟೀಲಿಗೆ ಅದು ಸಾಧ್ಯ, ಕಮಾನಿಗೆ ಉಸಿರಾಟದ ಹಂಗಿಲ್ಲ. ಆದರೆ ಅದೇ ಕೃತಿಯನ್ನು ರಾಫೆಲ್ ಮೆಂಡೆಸ್ ಟ್ರಂಪೆಟ್ಟಿನಲ್ಲಿ ನುಡಿಸಿದ ಧ್ವನಿಮುದ್ರಿಕೆ ಇದೆ. ನಾಲ್ಕು ನಿಮಿಷ ದಾಟಿದರೂ ನಾದದಲ್ಲಿ ಒಂದು ಬಿರುಕೂ ಕಾಣುವುದಿಲ್ಲ. ಕೆನ್ನೆಯಲ್ಲಿ ಹಿಡಿದಿಟ್ಟ ಗಾಳಿಯನ್ನು ಹೊರಗೆ ತಳ್ಳುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುವ ಈ ವಿದ್ಯೆ ನಮ್ಮ ಪುಂಗಿ ಊದುವವರಿಗೂ ಗೊತ್ತು. ಅದರ ಜೊತೆಗೆ ನಾಲಿಗೆಯಿಂದ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ಕತ್ತರಿಸಿ ಕೊಡುವ ಕೆಲಸ ಬೇರೆ. ನಾಗಸ್ವರದವರು ತುತ್ತುಕಾರ ಎನ್ನುವ ಈ ಕೆಲಸವನ್ನು ಮೆಂಡೆಸ್ ಅತಿ ವೇಗದಲ್ಲಿ ಮಾಡುತ್ತಾರೆ. ಕೇಳಿದ ಮೇಲೆ ಈ ಮನುಷ್ಯ ಯಾರು ಎಂದು ಹುಡುಕದೆ ಇರಲು ನನ್ನಿಂದಾಗಲಿಲ್ಲ.

ಮೆಂಡೆಸ್ ಹುಟ್ಟಿದ್ದು 1906ರಲ್ಲಿ, ಮೆಕ್ಸಿಕೊದ ಮಿಚೊಆಕಾನ್ ಪ್ರಾಂತ್ಯದ ಹಿಕಿಲ್ಪಾನ್ ಊರಿನಲ್ಲಿ. ತಂದೆ ಮ್ಯಾಕ್ಸಿಮಿನೊ ತಮ್ಮ ಮಕ್ಕಳನ್ನೇ ಕೂಡಿಸಿಕೊಂಡು ಮೇಳ ಕಟ್ಟಿದ್ದರು. ಹಬ್ಬ, ಜಾತ್ರೆ, ಊರ ಸಮಾರಂಭಗಳಲ್ಲಿ ಅವರ ಮನೆಮಂದಿಯೇ ನುಡಿಸುತ್ತಿದ್ದರು. ಈ ಹುಡುಗನ ಪಾಲಿಗೆ ಬಂದದ್ದು ಕಾರ್ನೆಟ್, ಟ್ರಂಪೆಟ್ಟಿನ ಗಿಡ್ಡ ತಮ್ಮ. 1916ರಲ್ಲಿ ಕ್ರಾಂತಿಕಾರಿ ಪಾಂಚೊ ವಿಲ್ಲಾ ಈ ಮೇಳವನ್ನು ಕೇಳಿ ಮೆಚ್ಚಿದ. ಮೆಚ್ಚಿದ್ದಷ್ಟೇ ಅಲ್ಲ, ಇಡೀ ಸಂಸಾರವನ್ನೇ ತನ್ನ ಸೈನ್ಯದ ಜೊತೆ ಕರೆದುಕೊಂಡು ಹೋದ. ಹತ್ತು ವರ್ಷದ ಮಗು ಬಂದೂಕುಗಳ ನಡುವೆ ಕಾರ್ನೆಟ್ ಊದಿತು.

ಇಪ್ಪತ್ತರ ಹೊತ್ತಿಗೆ ಮೆಂಡೆಸ್ ಅಮೆರಿಕಕ್ಕೆ ಬಂದರು. ಮೊದಲು ಇಂಡಿಯಾನಾದ ಗ್ಯಾರಿ ಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ, ಆಮೇಲೆ ಮಿಷಿಗನ್‌ನ ಫ್ಲಿಂಟ್‌ನಲ್ಲಿ ಬ್ಯೂಕ್ ಕಾರಿನ ಕಾರ್ಖಾನೆ. ಬ್ಯೂಕ್ ಕಂಪನಿಗೆ ತನ್ನದೇ ಬ್ಯಾಂಡ್ ಇತ್ತು, ಅಲ್ಲಿ ಜಾಗ ಸಿಕ್ಕಿತು. ಅಲ್ಲಿಂದ ಡೆಟ್ರಾಯಿಟ್‌ನ ರಂಗಮಂದಿರಗಳ ವಾದ್ಯವೃಂದಕ್ಕೆ. ಬದುಕು ಹಳಿಗೆ ಬಂತು ಎನ್ನುವಾಗ 1932ರಲ್ಲಿ ಅನಾಹುತ ಆಯಿತು. ಕಾರ್ಯಕ್ರಮಕ್ಕೆ ಮುಂಚೆ ತುಟಿ ಬಿಸಿ ಮಾಡಿಕೊಳ್ಳುತ್ತ ಬಾಗಿಲ ಬಳಿ ನಿಂತು ಊದುತ್ತಿದ್ದರು. ಯಾರೋ ಬಾಗಿಲನ್ನು ರಭಸದಿಂದ ತಳ್ಳಿದರು. ಬಾಗಿಲು ಟ್ರಂಪೆಟ್ಟಿಗೆ ಬಡಿಯಿತು, ಟ್ರಂಪೆಟ್ ಬಾಯಿಗೆ.

ಟ್ರಂಪೆಟ್ ಊದುವವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ. ತುಟಿಯ ಗಾಯ ಮಾಯಬಹುದು. ಆದರೆ ವರ್ಷಗಟ್ಟಲೆ ಪಳಗಿಸಿದ ತುಟಿಯ ಕಟ್ಟು, ಊದುಗೊಳವೆ ಕೂರುವ ಆ ಕೂದಲೆಳೆಯಷ್ಟು ನಿಖರವಾದ ಜಾಗ, ಎಲ್ಲವೂ ಅಳಿಸಿಹೋಗುತ್ತದೆ. ಮೆಂಡೆಸ್ ಸುಮಾರು ಒಂದು ವರ್ಷ ಗುರುಗಳಿಂದ ಗುರುಗಳ ಬಳಿಗೆ ಅಲೆದರು. ಅವರಲ್ಲಿ ಲೂಯಿ ಮ್ಯಾಜಿಯೊ ಎಂಬವರೂ ಒಬ್ಬರು. ಸ್ವತಃ ಬಾಯಿಗೆ ಪೆಟ್ಟು ಬಿದ್ದು, ತುಟಿಗಳನ್ನು ಮುಂದಕ್ಕೆ ಚಾಚಿ ಊದುವ ಬೇರೆಯೇ ಕ್ರಮವನ್ನು ಕಂಡುಕೊಂಡವರು ಅವರು. ಕೊನೆಗೆ ಮೆಂಡೆಸ್ ಊರಿಗೆ ಮರಳಿ, ಮೊದಲ ಗುರುವಾದ ತಂದೆಯ ಮುಂದೆಯೇ ಕುಳಿತರು. ಅಮೆರಿಕದ ದೊಡ್ಡ ರಂಗಮಂದಿರಗಳಲ್ಲಿ ನುಡಿಸಿ ಬಂದ ಮಗ ಮತ್ತೆ ಒಂದೇ ಸ್ವರ ಹಿಡಿದು ನಿಲ್ಲಿಸುವುದರಿಂದ ಪಾಠ ಶುರು ಮಾಡಿದ. ನಾವು ಕೇಳುವ 'ಮೋಟೊ ಪರ್ಪೆಚುವೊ' ಆ ಎರಡನೆಯ ಕಲಿಕೆಯ ಫಲ. ಹಾಲಿವುಡ್‌ನ ಎಂ.ಜಿ.ಎಂ. ಸ್ಟುಡಿಯೊದ ವಾದ್ಯವೃಂದ, ಡೆಕ್ಕಾ ಮುದ್ರಿಕೆಗಳು, ಅವಳಿ ಮಕ್ಕಳ ಜೊತೆಗಿನ ಕಛೇರಿಗಳು ಎಲ್ಲವೂ ಆ ಮೇಲಿನವು. 1961ರಲ್ಲಿ ಕಲಿಯುವವರಿಗಾಗಿ ಒಂದು ಪುಸ್ತಕ ಬರೆದರು, 1981ರಲ್ಲಿ ತೀರಿಕೊಂಡರು.

ಸದ್ದು ಹುಟ್ಟುವ ಜಾಗ

ಟ್ರಂಪೆಟ್ಟಿನಲ್ಲಿ ನಾಗಸ್ವರದ ಹಾಗೆ ಪೀಪಿ ಇಲ್ಲ. ತುಟಿಗಳೇ ಪೀಪಿ. ಮುಚ್ಚಿದ ತುಟಿಗಳ ನಡುವೆ ಗಾಳಿ ನುಗ್ಗಿದಾಗ ಅವು ಅದುರುತ್ತವೆ, ಆ ಅದುರು ಕೊಳವೆಯೊಳಗಿನ ಗಾಳಿಯನ್ನು ನುಡಿಸುತ್ತದೆ. ವಾದ್ಯಗಳನ್ನು ಶ್ರುತಿ ಮಾಡಿಕೊಳ್ಳುವ 440 ಆವರ್ತದ ಸ್ವರ ಬರಬೇಕಾದರೆ ತುಟಿ ಸೆಕೆಂಡಿಗೆ 440 ಸಲ ಅದುರಬೇಕು. ಸಾಮಾನ್ಯ ಟ್ರಂಪೆಟ್ಟಿನ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಒಂದೂವರೆ ಮೀಟರಿನಷ್ಟು ಉದ್ದ. ನಡುವೆ ಇರುವ ಮೂರು ಗುಂಡಿಗಳು ಸ್ವರ ಹುಟ್ಟಿಸುವುದಿಲ್ಲ, ಗಾಳಿಯ ದಾರಿಯನ್ನು ಉದ್ದ ಮಾಡುತ್ತವೆ ಅಷ್ಟೆ. ನಡುವಿನ ಗುಂಡಿ ಅರ್ಧ ಸ್ವರ ಇಳಿಸಿದರೆ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ. ಒಂದೇ ಗುಂಡಿ ಒತ್ತಿಕೊಂಡು ಹಲವು ಸ್ವರ ಬರಿಸಬಹುದು. ಯಾವುದು ಬರಬೇಕು ಎಂದು ತೀರ್ಮಾನಿಸುವುದು ತುಟಿ ಮತ್ತು ಉಸಿರು. ಆದ್ದರಿಂದಲೇ ಟ್ರಂಪೆಟ್ಟಿನ ಸಾಧನೆ ಎಂದರೆ ಮುಕ್ಕಾಲು ಪಾಲು ತುಟಿಯ ಸಾಧನೆ.

ಗುಂಡಿಗಳು ಬಂದದ್ದು ತೀರ ಈಚೆಗೆ. ಈಜಿಪ್ಟಿನ ತೂತಂಖಾಮೆನ್ ದೊರೆಯ ಗೋರಿಯಲ್ಲಿ ಸಿಕ್ಕ ತುತ್ತೂರಿಗಳು ಮೂರು ಸಾವಿರ ವರ್ಷಕ್ಕೂ ಹಳೆಯವು, ಅವಕ್ಕೆ ಗುಂಡಿಯಿಲ್ಲ. ಶತಮಾನಗಳ ಕಾಲ ತುತ್ತೂರಿ ರಾಜರ ಆಗಮನ ಸಾರಲು, ಸೈನ್ಯಕ್ಕೆ ಸಂಜ್ಞೆ ಕೊಡಲು ಬಳಕೆಯಾಯಿತು. ಹೈಡನ್ 1796ರಲ್ಲಿ ಬರೆದ ಪ್ರಸಿದ್ಧ ಕನ್ಚೆರ್ಟೊ ಕೂಡ ಕೊಳವೆಯಲ್ಲಿ ತೂತು ಕೊರೆದು ಮುಚ್ಚಳ ಹಾಕಿದ ಬೇರೊಂದು ಬಗೆಯ ಟ್ರಂಪೆಟ್ಟಿಗೆ. ಜರ್ಮನಿಯ ಸ್ಟೋಲ್ಸೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು 1818ರಲ್ಲಿ ಗುಂಡಿಯ ಏರ್ಪಾಟಿಗೆ ಹಕ್ಕು ಪಡೆದರು. ಅಲ್ಲಿಂದ ಈಚೆಗೆ ಟ್ರಂಪೆಟ್ ಎಲ್ಲ ಸ್ವರಗಳನ್ನೂ ನುಡಿಸುವ ವಾದ್ಯವಾಯಿತು.

ಮೆಲ್ಲಗೆ ಊದು, ಮತ್ತೆ ಸುಮ್ಮನಿರು

ಟ್ರಂಪೆಟ್ ಕಲಿಯುವ ಯಾರ ಮನೆಗೆ ಹೋದರೂ ಒಂದು ದಪ್ಪ ಪುಸ್ತಕ ಇರುತ್ತದೆ. ಪ್ಯಾರಿಸ್ಸಿನ ಜಾನ್ ಬಾಪ್ಟಿಸ್ಟ್ ಆರ್ಬಾನ್ 1864ರಲ್ಲಿ ಪ್ರಕಟಿಸಿದ ಅಭ್ಯಾಸ ಗ್ರಂಥ ಅದು, ಮುನ್ನೂರಕ್ಕೂ ಹೆಚ್ಚು ಪುಟ. ಸರಳೆ, ಜಂಟಿ ವರಸೆಗಳಿಂದ ಹಿಡಿದು ನಾಲಿಗೆಯ ತುತ್ತುಕಾರದವರೆಗೆ ಎಲ್ಲವೂ ಅದರಲ್ಲಿದೆ. ಅದರ ಪಕ್ಕದಲ್ಲಿ ಇನ್ನೊಂದು ತೆಳು ಪುಸ್ತಕ ಇರುವುದುಂಟು. ಅಮೆರಿಕದ ಬ್ಯಾಂಡ್ ನಾಯಕ ಸೂಸಾನ ತಂಡದ ಪ್ರಖ್ಯಾತ ಕಾರ್ನೆಟ್ ವಾದಕ ಹರ್ಬರ್ಟ್ ಕ್ಲಾರ್ಕ್ 1912ರಲ್ಲಿ ಹೊರತಂದದ್ದು. ಕ್ಲಾರ್ಕ್ ಕೇಳುವುದು ಎರಡೇ: ಆದಷ್ಟು ಮೆಲ್ಲಗೆ ಊದಬೇಕು, ಒಂದೇ ಉಸಿರಿನಲ್ಲಿ ಆದಷ್ಟು ಸಲ ಆವರ್ತನೆ ಮಾಡಬೇಕು. ಜೋರಿನ ವಾದ್ಯವನ್ನು ಕಲಿಯುವ ದಾರಿ ಪಿಸುದನಿಯಲ್ಲಿದೆ ಎಂಬುದು ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಜೋರಾಗಿ ಊದುವಾಗ ತುಟಿಯ ತಪ್ಪನ್ನು ತೋಳಿನ ಒತ್ತಡ ಮುಚ್ಚಿಹಾಕುತ್ತದೆ. ಮೆಲ್ಲಗೆ ಊದುವಾಗ ತಪ್ಪು ಅಡಗುವುದಿಲ್ಲ.

ನನ್ನನ್ನು ತುಂಬ ಸೆಳೆದ ಗುರು ಕಾರ್ಮೈನ್ ಕರೂಸೊ. ನ್ಯೂಯಾರ್ಕಿನಲ್ಲಿ ಡಾನ್ಸ್ ಬ್ಯಾಂಡುಗಳಿಗೆ ಸ್ಯಾಕ್ಸೊಫೋನ್ ನುಡಿಸುತ್ತಿದ್ದವರು. ಟ್ರಂಪೆಟ್ ಅವರ ವಾದ್ಯವಲ್ಲ. ಆದರೂ ತುಟಿ ಸೋತ ಟ್ರಂಪೆಟ್ ವಾದಕರು ಅವರ ಕೋಣೆಯ ಮುಂದೆ ಸಾಲುಗಟ್ಟುತ್ತಿದ್ದರು. ಅವರ ಕಟ್ಟಳೆಗಳು ನಾಲ್ಕು. ಕಾಲಿನಿಂದ ತಾಳ ಹಾಕು. ಪಾಠ ಮುಗಿಯುವವರೆಗೆ ಊದುಗೊಳವೆಯನ್ನು ತುಟಿಯಿಂದ ತೆಗೆಯಬೇಡ. ಗಾಳಿ ಒಂದೇ ಸಮ ಹರಿಯಲಿ. ಉಸಿರು ಮೂಗಿನಿಂದ ಮಾತ್ರ ತಗೋ. ಮೊದಲ ಪಾಠದಲ್ಲಿ ಇರುವುದು ಅಕ್ಕಪಕ್ಕದ ಆರೇ ಸ್ವರ, ಅರ್ಧರ್ಧ ಸ್ವರ ಹತ್ತುವುದು ಇಳಿಯುವುದು. ಚೆನ್ನಾಗಿ ಕೇಳಿಸಲಿ ಎಂಬ ಆಸೆಯನ್ನೂ ಬಿಡು ಎನ್ನುತ್ತಿದ್ದರು ಕರೂಸೊ. ಅವರ ಪ್ರಕಾರ ಊದುವುದು ನೂರಾರು ಸ್ನಾಯುಗಳು ಒಂದೇ ಕ್ಷಣಕ್ಕೆ ಕೂಡಿ ಮಾಡುವ ಕೆಲಸ. ಬುದ್ಧಿ ಹೇಳಿ ಅವನ್ನು ಒಗ್ಗೂಡಿಸಲು ಬರುವುದಿಲ್ಲ, ತಾಳ ಒಗ್ಗೂಡಿಸುತ್ತದೆ. ಗರಡಿಯ ಮಣ್ಣಿನಲ್ಲಿ ಬೈಠಕ್ ಹೊಡೆಯುವ ಹುಡುಗ ಕುಸ್ತಿಯ ಪಟ್ಟಿನ ಬಗ್ಗೆ ಯೋಚಿಸುವುದಿಲ್ಲವಲ್ಲ, ಹಾಗೆ.

ಅನೇಕ ಗುರುಗಳು ಒಪ್ಪುವ ಮಾತು ಒಂದಿದೆ: ಊದಿದಷ್ಟೇ ಹೊತ್ತು ಸುಮ್ಮನಿರಬೇಕು. ತುಟಿಯ ಸ್ನಾಯುವಿಗೆ ರಕ್ತ ಮರಳಿ ತುಂಬಲು ಬಿಡುವು ಬೇಕು. ದಣಿದ ತುಟಿಯಿಂದ ಊದಿದರೆ ವಾದಕ ಟ್ರಂಪೆಟ್ಟನ್ನು ಬಾಯಿಗೆ ಒತ್ತಿ ಹಿಡಿಯುತ್ತಾನೆ, ಕೇಡು ಶುರುವಾಗುವುದು ಅಲ್ಲಿಂದ. ಜಾಜ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅಂಥವರೂ 1930ರ ದಶಕದಲ್ಲಿ ತುಟಿ ಹರಿದು ತಿಂಗಳುಗಟ್ಟಲೆ ವಾದ್ಯ ಕೆಳಗಿಡಬೇಕಾಯಿತು. ಬಾಯಿಯ ಸುತ್ತಲಿನ ಸ್ನಾಯು ಹರಿಯುವ ಈ ತೊಂದರೆಗೆ 1982ರಲ್ಲಿ ಶಸ್ತ್ರವೈದ್ಯರೊಬ್ಬರು ಆರ್ಮ್‌ಸ್ಟ್ರಾಂಗ್ ಅವರ ಅಡ್ಡಹೆಸರನ್ನೇ ಇಟ್ಟು 'ಸ್ಯಾಚ್ಮೊ ಸಿಂಡ್ರೋಮ್' ಎಂದು ಕರೆದರು.

ಹಳೆಯ ಹಿತ್ತಾಳೆ

ತುಟಿಯ ಗಾಯವೊಂದು ಇಡೀ ಉದ್ಯಮವನ್ನೇ ಹುಟ್ಟಿಸಿದ್ದೂ ಉಂಟು. ಅಮೆರಿಕದ ಎಲ್ಕಾರ್ಟ್ ಪಟ್ಟಣದ ಚಾರ್ಲ್ಸ್ ಕಾನ್ ಕಾರ್ನೆಟ್ ಊದುತ್ತಿದ್ದ. ಹೊಡೆದಾಟವೊಂದರಲ್ಲಿ ತುಟಿ ಸೀಳಿತು. ನೋವಿಲ್ಲದೆ ಊದಲೆಂದು ಊದುಗೊಳವೆಯ ಅಂಚಿಗೆ ರಬ್ಬರ್ ಅಂಟಿಸಿಕೊಂಡ, 1875ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಆ ರಬ್ಬರ್ ಅಂಚಿನಿಂದ ಬೆಳೆದ ಕಾನ್ ಕಾರ್ಖಾನೆ ಎಲ್ಕಾರ್ಟನ್ನು ಹಿತ್ತಾಳೆ ವಾದ್ಯಗಳ ತವರಾಗಿಸಿತು. ಅದೇ ಊರಿನ ಮಾರ್ಟಿನ್ ಕಂಪನಿಯ 'ಕಮಿಟಿ' ಮಾದರಿಯನ್ನು ಜಾಜ್ ವಾದಕ ಮೈಲ್ಸ್ ಡೇವಿಸ್ ಮೆಚ್ಚಿ ನುಡಿಸಿದರು. ಆಸ್ಟ್ರಿಯಾದಿಂದ ಬಂದ ವಿನ್ಸೆಂಟ್ ಬಾಖ್ ಎಂಜಿನಿಯರಿಂಗ್ ಓದಿದ ಟ್ರಂಪೆಟ್ ವಾದಕರು. 1918ರಲ್ಲಿ ನ್ಯೂಯಾರ್ಕಿನಲ್ಲಿ ಊದುಗೊಳವೆ ಮಾಡಲು ಕುಳಿತರು, 1924ರ ಹೊತ್ತಿಗೆ ಟ್ರಂಪೆಟ್ಟನ್ನೇ ಮಾಡತೊಡಗಿದರು. ಮೆಂಡೆಸ್ ಹೆಸರಿನಲ್ಲೇ ಮಾದರಿ ಹೊರತಂದ ಕ್ಯಾಲಿಫೋರ್ನಿಯಾದ ಓಲ್ಡ್ಸ್ ಕಂಪನಿ 1979ರಲ್ಲಿ ಬಾಗಿಲು ಹಾಕಿತು. ಆದರೂ ಶಾಲಾ ಮಕ್ಕಳಿಗೆಂದು ಅದು ಮಾಡಿದ 'ಅಂಬಾಸಡರ್' ಟ್ರಂಪೆಟ್ಟುಗಳು ಇಂದಿಗೂ ಕೈಯಿಂದ ಕೈಗೆ ಓಡಾಡುತ್ತಿವೆ.

ಹಳೆಯ ವಾದ್ಯ ಕೊಳ್ಳುವವರು ಮೊದಲು ನೋಡುವುದು ಹೊಳಪನ್ನಲ್ಲ. ಊದುಗೊಳವೆ ಸೇರುವ ಮೊದಲ ನಳಿಗೆಯ ಮೇಲೆ ಕೆಂಪು ಚುಕ್ಕೆಗಳಿವೆಯೇ ಎಂದು ನೋಡುತ್ತಾರೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಉಸಿರಿನ ತೇವ ವರ್ಷಾನುಗಟ್ಟಲೆ ಒಳಗೆ ನಿಂತರೆ ಸತು ಕರಗಿ ಬರೀ ತಾಮ್ರ ಉಳಿಯುತ್ತದೆ, ಲೋಹ ಒಳಗಿನಿಂದಲೇ ಕೊಳೆಯುತ್ತದೆ. ಆಮೇಲೆ ಗುಂಡಿಯ ಪರೀಕ್ಷೆ. ಗುಂಡಿ ಒತ್ತದೆ ಅದರ ಜಾರುನಳಿಗೆಯನ್ನು ಹೊರಗೆಳೆದು ಕ್ಷಣ ಬಿಟ್ಟು ಒತ್ತಿದರೆ 'ಟಪ್' ಎಂಬ ಸದ್ದು ಬರಬೇಕು. ಬಂದರೆ ಗಾಳಿ ಸೋರುತ್ತಿಲ್ಲ ಎಂದರ್ಥ. ತಗ್ಗುಗಳಿಗೆ ಯಾರೂ ಹೆದರುವುದಿಲ್ಲ. ಬಾಯಗಲದ ತುದಿಯನ್ನು ಉಕ್ಕಿನ ಅಚ್ಚಿನ ಮೇಲೆ ಕೂರಿಸಿ ಬಡಿದು ಸರಿ ಮಾಡಬಹುದು, ಕೊಳೆತ ನಳಿಗೆ ತೆಗೆದು ಹೊಸದನ್ನು ಬೆಸೆಯಬಹುದು, ಸವೆದ ಗುಂಡಿಗೆ ಮತ್ತೆ ಲೇಪ ಕೊಡಬಹುದು. ಅರವತ್ತು ಎಪ್ಪತ್ತು ವರ್ಷದ ಟ್ರಂಪೆಟ್ ಹೀಗೆ ಮೂರನೆಯ, ನಾಲ್ಕನೆಯ ವಾದಕನ ಕೈಯಲ್ಲೂ ಚೆನ್ನಾಗಿ ನುಡಿಯುತ್ತದೆ.

ನಮ್ಮ ಬೀದಿಯ ಟ್ರಂಪೆಟ್

ನಮ್ಮ ದೇಶದ ಬ್ಯಾಂಡುಗಳ ಹಿತ್ತಾಳೆ ಬಹುಪಾಲು ಬರುವುದು ಉತ್ತರ ಪ್ರದೇಶದ ಮೀರತ್‌ನಿಂದ. ಅಲ್ಲಿನ ಜಾಲಿ ಕೋಠಿ ಬಡಾವಣೆಯಲ್ಲಿ ಬ್ರಿಟಿಷ್ ಸೈನ್ಯದ ಕಾಲದಿಂದಲೂ ಈ ಕಸುಬು ಇದೆ. ನಾದಿರ್ ಅಲಿ ಕಂಪನಿ 1885ರಷ್ಟು ಹಳೆಯದು. ನಮ್ಮ ಮೈಸೂರಿನಲ್ಲಿ ನಾಲ್ವಡಿಯವರ ಕಾಲದಲ್ಲಿ ಜರ್ಮನಿಯ ಆಟೊ ಸ್ಮಿತ್ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸುತ್ತಿದ್ದರು. ಆ ಪರಂಪರೆ ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದೆ, ದಸರೆಯಲ್ಲಿ ಇಂದಿಗೂ ಕೇಳಬಹುದು. ಅಲ್ಲಿ ಗುರು ಇದ್ದಾರೆ, ಅಭ್ಯಾಸಕ್ಕೆ ವೇಳೆ ಇದೆ, ಸಂಬಳವಿದೆ.

ಮದುವೆಯ ಬ್ಯಾಂಡ್‌ಸೆಟ್ಟಿನ ಹುಡುಗನಿಗೆ ಇದೊಂದೂ ಇಲ್ಲ. ಅಪ್ಪನಿಂದಲೋ ಮಾವನಿಂದಲೋ ಕೇಳಿ ಕಲಿತ ವಿದ್ಯೆ. ಆರ್ಬಾನ್ ಪುಸ್ತಕ ನೋಡಿರುವುದಿಲ್ಲ, ಆದರೆ ನಿನ್ನೆ ಬಿಡುಗಡೆಯಾದ ಸಿನಿಮಾ ಹಾಡನ್ನು ಇಂದು ಸಂಜೆ ಊದುತ್ತಾನೆ. ಬಯಲಿನಲ್ಲಿ, ಪಟಾಕಿ ಡೋಲುಗಳ ನಡುವೆ, ಗಂಟೆಗಟ್ಟಲೆ, ಪೂರ್ತಿ ಜೋರಿನಲ್ಲಿ. ಪ್ರಪಂಚದ ಗುರುಗಳೆಲ್ಲ ಮಾಡಬೇಡ ಎಂದದ್ದನ್ನೆಲ್ಲ ಅವನು ಹೊಟ್ಟೆಪಾಡಿಗಾಗಿ ಮಾಡಲೇಬೇಕು. ಈಗಂತೂ ಡಿಜೆ ಗಾಡಿ ಬಂದು ಅವನ ಕೆಲಸವೇ ಕಡಿಮೆಯಾಗಿದೆ, ಸಿಕ್ಕ ನಾಲ್ಕು ಮದುವೆಗಳಲ್ಲಿ ಬಿಡುವು ಕೇಳುವ ಧೈರ್ಯ ಅವನಿಗಿಲ್ಲ.

ಅವನ ಕೈಯಲ್ಲಿರುವ ಟ್ರಂಪೆಟ್ ತಗ್ಗು ಬಿದ್ದರೂ ಅವನ ಮಗನ ಕಾಲಕ್ಕೂ ಬಾಳುತ್ತದೆ. ಅವನ ತುಟಿಯನ್ನು ಕಾಯುವವರು ಯಾರು? ನಮ್ಮ ಸಂಗೀತ ಶಾಲೆಗಳು ಈ ಹುಡುಗರಿಗಾಗಿ ಬೇಸಗೆಯ ರಜೆಯಲ್ಲಿ ಒಂದು ಶಿಬಿರ ನಡೆಸಬಹುದು, ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದವರು ಅಲ್ಲಿ ಕಲಿಸಬಹುದು. ಅದು ಆಗುವವರೆಗೆ ನಮ್ಮ ನಿಮ್ಮಂಥವರ ಕೈಲಿ ಆಗುವ ಕೆಲಸವೂ ಒಂದಿದೆ. ಮೆರವಣಿಗೆ ಛತ್ರದ ಬಾಗಿಲಿಗೆ ಬಂದಾಗ ಇನ್ನೂ ಒಂದು ಹಾಡು, ಮತ್ತೂ ಒಂದು ಹಾಡು ಎಂದು ಪೀಡಿಸುವ ಬದಲು, ಅವನನ್ನು ಕೂರಿಸಿ, ನೀರು ಕೊಟ್ಟು, ಅರ್ಧ ಗಂಟೆ ಸುಮ್ಮನಿರಲು ಬಿಡೋಣ. ಬಿಟ್ಟರೆ ಮುಂದಿನ ವರ್ಷವೂ ಅವನು ನಮ್ಮ ಬೀದಿಯಲ್ಲಿ ಊದಿಯಾನು.