ನಲ್ಲಿಯ ನೀರು ಹೆಪ್ಪುಗಟ್ಟಿದರೆ ಮೊದಲು ಮಾಡಬೇಕಾದುದೇನು?

ಡಿಸೆಂಬರ್, ಜನವರಿ ತಿಂಗಳುಗಳು ನೀಲಗಿರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಕಾಲ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ, ಮೋಡವೂ ಗಾಳಿಯೂ ಇಲ್ಲದ ರಾತ್ರಿ ನೆಲವು ತನ್ನ ಶಾಖವನ್ನು ಬೇಗನೆ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಂಪಾದ ಗಾಳಿ ಭಾರವಾದುದರಿಂದ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಆದುದರಿಂದಲೇ ಬೆಟ್ಟದ ಓರೆಗಿಂತ ಕಣಿವೆಯ ಹುಲ್ಲು ಹೆಚ್ಚು ಬೆಳ್ಳಗಾಗುತ್ತದೆ. ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಹಲವು ಗಂಟೆ ಹಾಗೆಯೇ ಉಳಿದರೆ, ಮನೆಯ ಹೊರಗೆ ತೆರೆದಿರುವ ಸಣ್ಣ ಕೊಳವೆಗಳಲ್ಲಿ ನಿಂತ ನೀರು ಮಂಜುಗಡ್ಡೆಯಾಗಬಹುದು.

ಬಹುತೇಕ ದ್ರವಗಳು ಗಟ್ಟಿಯಾಗುವಾಗ ಕುಗ್ಗುತ್ತವೆ, ನೀರು ಹಿಗ್ಗುತ್ತದೆ. ಮಂಜುಗಡ್ಡೆಯ ಗಾತ್ರ ನೀರಿನ ಗಾತ್ರಕ್ಕಿಂತ ಸುಮಾರು ಶೇಕಡಾ 9ರಷ್ಟು ಹೆಚ್ಚು. ಆದರೆ ಕೊಳವೆ ಒಡೆಯುವುದು ಗಡ್ಡೆ ಕಟ್ಟಿದ ಜಾಗದಲ್ಲಿಯೇ ಆಗಬೇಕೆಂದಿಲ್ಲ. ಬೆಳೆಯುವ ಗಡ್ಡೆಯು ಮುಂದಿನ ನೀರನ್ನು ಮುಚ್ಚಿದ ನಲ್ಲಿಯತ್ತ ತಳ್ಳುತ್ತದೆ. ಎರಡರ ನಡುವೆ ಸಿಲುಕಿದ ನೀರಿನ ಒತ್ತಡ ಏರಿ, ಕೊಳವೆಯ ದುರ್ಬಲ ಭಾಗ ಸೀಳುತ್ತದೆ. ಗಡ್ಡೆ ಕರಗುವವರೆಗೆ ಆ ಸೀಳು ಕಣ್ಣಿಗೆ ಬೀಳದೆ ಇರಬಹುದು.

ಆದ್ದರಿಂದ ಮುಂಜಾನೆ ನಲ್ಲಿಯಲ್ಲಿ ನೀರು ಬಾರದಿದ್ದರೆ ಹೀಗೆ ಮಾಡಿ:

1. ನಲ್ಲಿಯನ್ನು ತೆರೆದಿಡಿ. ಒತ್ತಡಕ್ಕೆ ಹೊರದಾರಿ ದೊರೆಯುತ್ತದೆ.

2. ಕೊಳವೆ ಬಿರುಕು ಬಿಟ್ಟಿದೆಯೇ ಎಂದು ನೋಡಿ. ಬಿಟ್ಟಿದ್ದರೆ ತೊಟ್ಟಿಯ ಮುಖ್ಯ ಕವಾಟವನ್ನು ಮುಚ್ಚಿ, ದುರಸ್ತಿ ಮಾಡಿಸಿ.

3. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೊಳವೆಗೆ ಸುತ್ತಿ. ನಲ್ಲಿಯ ಕಡೆಯಿಂದ ಆರಂಭಿಸಿ ಹಿಂದಕ್ಕೆ ಸಾಗಿ. ಕರಗಿದ ನೀರು ಹೊರಹರಿಯುತ್ತದೆ.

4. ಬೆಂಕಿಯನ್ನು ಹಿಡಿಯಬೇಡಿ, ಕುದಿಯುವ ನೀರನ್ನು ಸುರಿಯಬೇಡಿ. ಪಿವಿಸಿ ಕೊಳವೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಒದ್ದೆ ನೆಲದಲ್ಲಿ ವಿದ್ಯುತ್ ಉಪಕರಣಗಳನ್ನು ಬಳಸಬೇಡಿ. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬೇಡಿ.

ಮುನ್ನೆಚ್ಚರಿಕೆ ಇನ್ನೂ ಸುಲಭ. ಹೊರಗಿನ ಕೊಳವೆಗೆ ಹಳೆಯ ಕಂಬಳಿ ಅಥವಾ ಗೋಣಿಯನ್ನು ಸುತ್ತಿ, ಅದು ನೆನೆಯದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ. ಇರುವ ಶಾಖ ಬೇಗ ಹೋಗದಂತೆ ತಡೆಯುತ್ತದೆ. ಕವಾಟ ಮುಚ್ಚಿ, ನಲ್ಲಿ ತೆರೆದು ಕೊಳವೆಯನ್ನು ರಾತ್ರಿ ಬರಿದು ಮಾಡುವುದು ಅತ್ಯಂತ ಖಚಿತವಾದ ಉಪಾಯ: ನೀರೇ ಇಲ್ಲದ ಕೊಳವೆಯಲ್ಲಿ ಹೆಪ್ಪುಗಟ್ಟುವುದೇನಿದೆ? ಬೆಳಗಿನ ಅಡುಗೆಗೆ, ಶಾಲೆಗೆ ಹೊರಡುವ ಮಕ್ಕಳಿಗೆ ಬೇಕಾದ ಎರಡು ಕೊಡ ನೀರನ್ನು ಹಿಂದಿನ ಸಂಜೆಯೇ ಒಳಗೆ ತುಂಬಿಸಿಟ್ಟರಾಯಿತು.