ಎಲುಬಿನೊಳಗಣ ಮಣಿಸರ

ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಲ್ಲಿ ಒಬ್ಬ ಒಕ್ಕಲಿಗನ ಕಾಲು ಟ್ರ್ಯಾಕ್ಟರಿನಡಿಗೆ ಸಿಕ್ಕು ಮುರಿದು, ಎಲುಬು ತೊಗಲನ್ನು ಹರಿದು ಹೊರಬಿದ್ದಿತೆಂದು ಇಟ್ಟುಕೊಳ್ಳೋಣ. ಗಾಯದಲ್ಲಿ ಎರೆಮಣ್ಣು ಹೊಕ್ಕಿರುವದು. ದವಾಖಾನೆಯಲ್ಲಿ ಎಲುಬನ್ನು ಕೂಡಿಸಿ ಔಷಧ ಕೊಟ್ಟರೂ ಕೆಲವು ತಿಂಗಳ ತರುವಾಯ ಅಲ್ಲಿಂದಲೇ ಕೀವು ಒಸರತೊಡಗುವದುಂಟು. ಗುಳಿಗೆ ನುಂಗುವಾಗ ನಿಲ್ಲುವದು, ಬಿಟ್ಟೊಡನೆ ಮರಳಿ ಸೋರುವದು. ಹೀಗೇಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಕೇಳಬಹುದು.

ನುಂಗಿದ ಔಷಧವು ರಕ್ತದ ಹಾದಿಯಿಂದಲೇ ರೋಗದ ಸ್ಥಳವನ್ನು ಮುಟ್ಟತಕ್ಕದ್ದು. ಸತ್ತ ಎಲುಬಿನ ಚೂರಿನಲ್ಲಿ ರಕ್ತವು ಹರಿಯದು. ಕಾಲುವೆಯ ಬಾಯಿ ಮುಚ್ಚಿದ ಹೊಲಕ್ಕೆ ನೀರು ಮುಟ್ಟದ ಹಾಗೆ ಔಷಧವೂ ಅಲ್ಲಿಗೆ ಮುಟ್ಟದು. ರೋಗಾಣುಗಳು ಲೋಳೆಯ ಹೊದಿಕೆ ಹೊದ್ದು ಅಲ್ಲಿಯೇ ನೆಲೆಸುವವು. ಪ್ರಮಾಣವನ್ನು ಹೆಚ್ಚಿಸೋಣವೆಂದರೆ ಜೆಂಟಾಮೈಸಿನ್ನಿನಂಥ ಔಷಧಗಳು ಮೂತ್ರಪಿಂಡಗಳಿಗೂ ಕಿವಿಗೂ ಕೇಡು ಮಾಡುವವು.

ಆದಕಾರಣ ಔಷಧವನ್ನು ರೋಗದ ಮನೆಯಲ್ಲಿಯೇ ಇಡುವ ಉಪಾಯವು ಹುಟ್ಟಿತು. ಸಣ್ಣ ಅಣುಗಳು ಸರಪಳಿಯ ಕೊಂಡಿಗಳಂತೆ ಕೂಡಿಕೊಂಡು ಆದ ದ್ರವ್ಯಕ್ಕೆ ಪಾಲಿಮರ್ ಎನ್ನುವರು. ನಮ್ಮ ಅಜ್ಜಿಯರ ಕಟ್ಟಿಸಿದ ಹಲ್ಲುಗಳ ಗುಲಾಬಿ ವಸಡು ಇಂಥದೊಂದು ದ್ರವ್ಯವೇ. ಕೃತ್ರಿಮ ಕೀಲನ್ನು ಎಲುಬಿಗೆ ಕಚ್ಚಿಸುವ ಸಿಮೆಂಟೂ ಅದೇ ಕುಲದ್ದು. ಜರ್ಮನಿಯ ಹ್ಯಾಂಬರ್ಗಿನ ವೈದ್ಯ ಬುಖ್‌ಹೋಲ್ಟ್ಸ್ ಎಂಬವರು ಈ ಸಿಮೆಂಟಿನಲ್ಲಿ ಜೆಂಟಾಮೈಸಿನ್ ಬೆರಸಿದ ಕ್ರಮವನ್ನು 1970ರಲ್ಲಿ ಪ್ರಕಟಿಸಿದರು. ಮುಂದೆ ಫ್ರಾಂಕ್‌ಫರ್ಟಿನ ಕ್ಲೆಮ್ ಎಂಬವರು ಅದರಿಂದ ಮಣಿಗಳನ್ನು ಮಾಡಿಸಿದರು. ಒಂದೊಂದು ಮಣಿಯ ಅಡ್ಡಳತೆ 7 ಮಿಲಿಮೀಟರು. ಉಕ್ಕಿನ ತಂತಿಯಲ್ಲಿ 30 ಮಣಿಗಳ ಸರ.

ನಮ್ಮ ದೇಶದಲ್ಲಿ ಅನೇಕ ಶಸ್ತ್ರವೈದ್ಯರು ಈ ಮಣಿಗಳನ್ನು ಶಸ್ತ್ರಶಾಲೆಯಲ್ಲಿಯೇ ಕಲಸಿ, ಉಂಡೆ ಮಾಡಿ, ತಂತಿಗೆ ಪೋಣಿಸುವರು. ಮಣಿಯ ಕಸೂತಿಯನ್ನು ಕಲಿತ ನಮ್ಮ ಬಾಲಿಕೆಯರಿಗೆ ಈ ಕೆಲಸವೇನೂ ಪರಕೀಯವಲ್ಲ! ಆದರೆ ಸಿಮೆಂಟು ಗಟ್ಟಿಯಾಗುವಾಗ ಬಿಸಿಯೇರುವದರಿಂದ, ಜೆಂಟಾಮೈಸಿನ್, ವ್ಯಾಂಕೊಮೈಸಿನ್ ಮೊದಲಾದ ತಾಪ ತಾಳುವ ಔಷಧಗಳೇ ಬೇಕು. ಸತ್ತ ಎಲುಬನ್ನು ಕೆತ್ತಿ ತೆಗೆದು, ಆ ಪೊಳ್ಳಿನಲ್ಲಿ ಸರವನ್ನಿಟ್ಟು ಹೊಲಿಯುವರು. ಸುತ್ತಲಿನ ದ್ರವವು ಮಣಿಯ ಮೇಲ್ಪದರದಿಂದ ಔಷಧವನ್ನು ಸೆಳೆಯುವದು. ಮೊದಲ ದಿನಗಳಲ್ಲಿ ಧಾರಾಳವಾಗಿ, ಬಳಿಕ ಜಿನುಗು ಜಿನುಗಾಗಿ. ಸ್ಥಳದಲ್ಲಿ ಔಷಧವು ಬಹಳ, ರಕ್ತದಲ್ಲಿ ಅತ್ಯಲ್ಪ. ಮಣಿಯ ಗರ್ಭದಲ್ಲಿಯ ಬಹುಭಾಗವಂತೂ ಹೊರಬರುವದೇ ಇಲ್ಲ.

ಇಲ್ಲಿಯೇ ಒಂದು ಅಪಾಯವುಂಟು. ಈ ಮಣಿಗಳು ಕರಗತಕ್ಕವಲ್ಲ. ಕೆಲವು ವಾರಗಳಾದ ಮೇಲೆ ಮತ್ತೊಮ್ಮೆ ಕೊಯ್ದು ತೆಗೆಯಬೇಕು. ಗಾಯವು ಮಾಯ್ದು, ನೋವು ನಿಂತು, ಬಿತ್ತಿಗೆಯ ದಿನಗಳು ಬಂದರೆ ಹೊಳೆಮಣ್ಣೂರಿನ ಆ ಒಕ್ಕಲಿಗನು ಹುಬ್ಬಳ್ಳಿಗೋ ಗದಗಿಗೋ ಮರಳಿ ಹೋಗುವನೇ? ಹೋಗದಿದ್ದರೆ ಸರದ ಸುತ್ತ ಮಾಂಸತಂತುಗಳು ಬೆಳೆದು ಬಿಗಿಯುವವು. ಸಾಲದ ಪ್ರಮಾಣದಲ್ಲಿ ಜಿನುಗುವ ಔಷಧಕ್ಕೆ ರೋಗಾಣುಗಳು ಒಗ್ಗಿಕೊಂಡು ಬಲಿಯಬಹುದು. ಬಿಡುಗಡೆಯ ಚೀಟಿಯಲ್ಲಿ ಸರವನ್ನು ತೆಗೆಯುವ ದಿನವನ್ನು ಕನ್ನಡದಲ್ಲಿ ಬರೆದುಕೊಟ್ಟು, ಮನೆಯ ಹೆಂಗಸರಿಗೂ ಓದಿ ಹೇಳುವದು ಶಸ್ತ್ರಕ್ರಿಯೆಯಷ್ಟೇ ಅಗತ್ಯವೆಂದು ನಾವು ಎಣಿಸುತ್ತೇವೆ. ದಾದಿಯರಾಗಿರುವ ನಮ್ಮ ಸೋದರಿಯರು ಇದನ್ನು ಬಲ್ಲರು.

ಎರಡನೆಯ ಕೊಯ್ತವನ್ನು ತಪ್ಪಿಸುವದಕ್ಕೆ ತಾನಾಗಿ ಕರಗುವ ದ್ರವ್ಯಗಳನ್ನು ಹುಡುಕಿದ್ದಾರೆ. ಪ್ಲ್ಯಾಸ್ಟರ್ ಆಫ್ ಪ್ಯಾರಿಸ್ಸಿನ ಜಾತಿಯ ಮಣಿಗಳು ಈಗ ಬಳಕೆಯಲ್ಲಿವೆ. ಲ್ಯಾಕ್ಟಿಕ್ ಆಮ್ಲದ, ಅಂದರೆ ಮೊಸರಿನ ಹುಳಿಯ, ಅಣುಗಳನ್ನು ಹೆಣೆದು ಮಾಡಿದ ಪಾಲಿಮರು ದೇಹದ ನೀರಿನಿಂದಲೇ ಬಿಚ್ಚಿಕೊಂಡು ಮರಳಿ ಹುಳಿಯಾಗಿ ಜೀರ್ಣವಾಗುವದು. ಇಂಥ ದ್ರವ್ಯಗಳ ವಿದ್ಯೆಯು ನಮ್ಮ ಸೀಮೆಗೆ ಹೊಸತಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊಫೆಸರ್ ತೇಜರಾಜ ಅಮಿನಭಾವಿಯವರು ಸಂಗಡಿಗರೊಡನೆ, ಔಷಧವನ್ನು ಹೊತ್ತು ಕರಗುವ ಪಾಲಿಮರಿನ ಅತಿಸೂಕ್ಷ್ಮ ಕಣಗಳನ್ನು ಕುರಿತು 2001ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಜಗತ್ತಿನ ವಿಜ್ಞಾನಿಗಳಿಗೆಲ್ಲ ಪರಿಚಿತವಾದದ್ದು.

ಕರಗುವ ಮಣಿಯಾದರೂ ಸತ್ತ ಎಲುಬನ್ನು ಮೊದಲು ಕೆತ್ತಿ ತೆಗೆಯದೆ ಇಟ್ಟರೆ ಫಲಿಸದು.